ಹೆಬ್ಬೆರಳು ಒತ್ತಿದರೆ ರಜೆ ಮಂಜೂರಾಗಲ್ಲ

ಜನವರಿಯಲ್ಲಿ ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ) ತರಲು ಮನೆ ಹಿಂದಿನ ಕಾಡಿಗೆ ಹೋಗಿದ್ದೆ. ವಾರದೊಳಗೆ ಜ್ವರ, ಮೈಯೆಲ್ಲ ಹಿಂಡುವ ನೋವು. ನಮ್ಮ ಹೊಸನಗರದ ಕಡೆಯವರಿಗೆ ಹೇಳಬೇಕಾಗಿಲ್ಲ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು. ನನ್ನ ರಕ್ತ ಶಿವಮೊಗ್ಗದ ಲ್ಯಾಬಿಗೆ ಹೋಗಿ ಪಾಸಿಟಿವ್ ಬಂತು.

ನಾನು ಅನುದಾನವಿಲ್ಲದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ರಾಜ್ಯ ಪಠ್ಯಕ್ರಮ. ಪ್ರತಿ ಜೂನ್‌ನಲ್ಲಿ ಒಂದು ಒಪ್ಪಂದ ಪತ್ರಕ್ಕೆ ಸಹಿ, ಹಾಗೇ ಏಳು ವರ್ಷ. ರಜೆ ಬೇಕೆಂದು ಹೆಡ್‌ಮಾಸ್ಟರಿಗೆ ವಾಟ್ಸಾಪ್ ಮಾಡಿದೆ. ಅವರು ಹೆಬ್ಬೆರಳಿನ ಚಿತ್ರ ಒತ್ತಿದರು. ಸಿಕ್ಕಿತು ರಜೆ ಅಂದುಕೊಂಡೆ.

ಈ ಕಾಯಿಲೆ ಕೆಲವರಿಗೆ ಹೋದ ಹಾಗೆ ಮಾಡಿ ಮತ್ತೆ ಬರುತ್ತದೆ. ನಾನು ಎರಡು ದಿನ ಶಾಲೆಗೂ ಹೋಗಿ ಬಂದೆ. ಮೂರನೇ ವಾರ ತಲೆನೋವು, ಕೈ ನಡುಕ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು, ಆಡಳಿತ ಮಂಡಳಿಗೂ ತಲೆಬಿಸಿ. ಅದು ನನಗೆ ಅರ್ಥವಾಗುತ್ತದೆ. ಆದರೆ ಮೂರು ದಿನದಲ್ಲಿ ವಿಚಾರಣೆಗೆ ಬನ್ನಿ ಎಂದು ನೋಟಿಸ್ ಕಳಿಸಿದರು. ಅದರಲ್ಲಿ ಆರೋಪ ಏನೆಂದೇ ಇರಲಿಲ್ಲ. ನಮ್ಮವರು ಡಾಕ್ಟರ್ ಸರ್ಟಿಫಿಕೇಟ್ ಇಟ್ಟು, ದಿನಾಂಕ ಮುಂದೂಡಿ ಎಂದು ಸ್ಪೀಡ್ ಪೋಸ್ಟ್ ಮಾಡಿದರು. ಇಡೀ ಕತೆಯಲ್ಲಿ ನಾವು ಸರಿಯಾಗಿ ಮಾಡಿದ ಮೊದಲ ಕೆಲಸ ಅದೇ. ಅವರು ಮಾತ್ರ ನಾನಿಲ್ಲದೆಯೇ ಸಭೆ ಮುಗಿಸಿ, 'ಅನಧಿಕೃತ ಗೈರುಹಾಜರಿ, ಬೇಜವಾಬ್ದಾರಿ' ಎಂದು ಬರೆದು ಕೆಲಸದಿಂದ ತೆಗೆದರು.

ಯಾರೋ ಲೇಬರ್ ಆಫೀಸಿಗೆ ಹೋಗಿ ಅಂದರು. ಹೋದೆ, ಹದಿನೈದು ದಿನ ದಂಡ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ 'ಕಾರ್ಮಿಕ'ರಲ್ಲ ಎಂದು ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆಯಂತೆ. ಇದನ್ನು ಹೇಳಿದ್ದು ಶಿವಮೊಗ್ಗದ ವಕೀಲರು. ನಮ್ಮ ದಾರಿ ಬೇರೆ: 1983ರ ಕರ್ನಾಟಕ ಶಿಕ್ಷಣ ಕಾಯ್ದೆ. ಅದರ 92ನೇ ಕಲಂ ಪ್ರಕಾರ ಆರೋಪ ತಿಳಿಸಿ, ವಿಚಾರಣೆ ನಡೆಸಿ, ಉತ್ತರ ಕೊಡಲು ಅವಕಾಶ ಕೊಡದೆ ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡುವಂತಿಲ್ಲ. 94ನೇ ಕಲಂನಲ್ಲಿ ಮೇಲ್ಮನವಿ, ಆದೇಶ ಕೈ ಸೇರಿದ ಮೂರು ತಿಂಗಳೊಳಗೆ. ಕೇಳುವವರು ಜಿಲ್ಲಾ ನ್ಯಾಯಾಧೀಶರು, ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯಾಗಿ.

"ನಂದು ಬರೀ ಒಪ್ಪಂದದ ಕೆಲಸ ಅಲ್ವಾ ಸರ್?" ಎಂದು ಕೇಳಿದೆ.

ವಕೀಲರು ನಕ್ಕರು. "ಅವಧಿ ಮುಗೀತು ಅಂತಷ್ಟೇ ಬರೆದಿದ್ರೆ ನಮಗೆ ಕಷ್ಟ ಆಗ್ತಿತ್ತು ಮೇಡಂ. ಬೇಜವಾಬ್ದಾರಿ ಅಂತ ಬರೆದುಬಿಟ್ಟಿದ್ದಾರಲ್ಲ. ಕಳಂಕ ಹಚ್ಚಿ ತೆಗೆಯೋದಾದ್ರೆ ವಿಚಾರಣೆ ಮಾಡಲೇಬೇಕು."

ಆಮೇಲೆ ಮೇಲ್ಮನವಿಗೆ ಕಾಗದ ಜೋಡಿಸುವ ಕೆಲಸ. ಲ್ಯಾಬ್ ವರದಿ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಫಿಟ್‌ನೆಸ್ ಸರ್ಟಿಫಿಕೇಟ್, ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್, ಏಳೂ ಒಪ್ಪಂದ ಪತ್ರ. ವಾಟ್ಸಾಪ್ ಸಂದೇಶವನ್ನೂ ಮುದ್ರಿಸಿ ಇಟ್ಟೆವು. ಹೆಬ್ಬೆರಳು ಮಂಜೂರಾತಿಯೋ, 'ನೋಡಿದೆ' ಅಂತಲೋ ಎಂದು ಎದುರು ವಕೀಲರು ಕೆಣಕಿದರು. ನಿಜವಾಗಿ ಕೆಲಸಕ್ಕೆ ಬಂದಿದ್ದು ಸ್ಪೀಡ್ ಪೋಸ್ಟ್ ರಸೀದಿ. ಅವರ ಸಭೆಗೆ ಮೊದಲೇ ನಮ್ಮ ಪತ್ರ ತಲುಪಿತ್ತು ಎಂಬುದು ಅಂಚೆಯ ದಾಖಲೆಯಲ್ಲೇ ಇತ್ತು. ನನಗೆ ಎಷ್ಟು ಜ್ವರವಿತ್ತು ಎಂದು ಅಲ್ಲಿ ಯಾರೂ ಕೇಳಲಿಲ್ಲ, ದಿನಾಂಕಗಳನ್ನೇ ಕೇಳಿದರು.

ನಾಲ್ಕನೇ ವಾಯಿದೆಗೆ ಶಾಲೆಯ ಆಡಳಿತ ಮಂಡಳಿಯವರೇ ರಾಜಿಗೆ ಬಂದರು. ಆದೇಶ ವಾಪಸ್, ಜೂನ್‌ನಿಂದ ಕೆಲಸ, ಮಲಗಿದ್ದ ದಿನಗಳು ಸಂಬಳವಿಲ್ಲದ ರಜೆ. ಅಮ್ಮನಿಗೆ ಇದು ಸೋತ ಹಾಗೆ ಕಂಡಿತು. ನಾನು ಸಂಬಳ ಬಿಟ್ಟೆ, ಆದರೆ 'ಸೇವೆ ಮುರಿದಿಲ್ಲ' ಎಂಬ ಸಾಲು ಸೇರುವವರೆಗೆ ಸಹಿ ಹಾಕಲಿಲ್ಲ. ಗ್ರಾಚ್ಯುಟಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ಆದ ಮೇಲೆ ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಇದೆ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಸಿಗುವ ಇಡಿಗಂಟು. ಏಳು ವರ್ಷವನ್ನು ಸುಮ್ನೆ ಬಿಡೋಕಾಗುತ್ತಾ?

ಈಗ ಅರ್ಧ ದಿನದ ರಜೆಗೂ ಎರಡು ಪ್ರತಿ ಬರೆಯುತ್ತೇನೆ. ಹೆಡ್‌ಮಾಸ್ಟರ್ ಗೊಣಗುತ್ತಲೇ ಒಂದಕ್ಕೆ ಸೀಲು ಒತ್ತಿ ವಾಪಸ್ ಕೊಡುತ್ತಾರೆ.