ಮಲೆನಾಡಿನ ಮಳೆಯಲ್ಲಿ ಅಯಾನಿಕ್ ದ್ರವ ಒಣಗಿಸುವ ಪಾಡು

ಅಯಾನಿಕ್ ದ್ರವವೂ ಉಪ್ಪೇ. ಅಡುಗೆ ಉಪ್ಪು ಕರಗೋಕೆ 801 ಡಿಗ್ರಿ ಬೇಕು, ಇದು 100ರ ಒಳಗೇ ಕರಗುತ್ತದೆ. ತಯಾರಿ ಅಂಥ ಕಷ್ಟವಲ್ಲ. ಶಿವಮೊಗ್ಗದ ಮಳೆಗಾಲದಲ್ಲಿ ಅದನ್ನು ಒಣಗಿಸೋದೇ ದೊಡ್ಡ ಕೆಲಸ.

ಹೊಸ ದ್ರವಕ್ಕೆ ಕೈಹಾಕುವ ಮೊದಲು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಒಂದನ್ನು ಮಾಡಿಕೊಂಡೆ. ಮೀಥೈಲ್ ಇಮಿಡಜೋಲ್‌ಗೆ ಬ್ರೋಮೋಬ್ಯೂಟೇನ್ ಹನಿಹನಿಯಾಗಿ ಬಿಟ್ಟು, ನೈಟ್ರೋಜನ್ ಕೆಳಗೆ 70 ಡಿಗ್ರಿ ದಾಟದಂತೆ ಕಲಕಿದೆ. ಬಿಸಿ ಜಾಸ್ತಿಯಾದರೆ ಬಣ್ಣ ಹಳದಿಗೆ ತಿರುಗುತ್ತದೆ. ಈಥೈಲ್ ಅಸಿಟೇಟ್‌ನಲ್ಲಿ ತೊಳೆದಾಗ ಉಳಿದದ್ದು ಜೋನಿಬೆಲ್ಲದಷ್ಟು ಮಂದವಾದ ಬ್ರೋಮೈಡ್ ಉಪ್ಪು. ಅದನ್ನು ನೀರಲ್ಲಿ ಕರಗಿಸಿ ಲಿಥಿಯಂ ಬಿಸ್‌ಟ್ರೈಫ್ಲಿಮೈಡ್ ಎಂಬ ಇನ್ನೊಂದು ಉಪ್ಪು ಹಾಕಿದರೆ ಎರಡು ಪದರ. ನಮಗೆ ಬೇಕಾದದ್ದು ನೀರಿಗಿಂತ ಭಾರ, ಸೆಪರೇಟಿಂಗ್ ಫನೆಲ್‌ನ ತಳದಲ್ಲಿರುತ್ತದೆ.

ಆಮೇಲೆ ತೊಳೆದದ್ದೇ ತೊಳೆದದ್ದು. ಪ್ರತಿ ಸಲ ತೊಳೆದ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಡಬೇಕು. ಕೆನೆಬಣ್ಣದ ಮಬ್ಬು ಕಂಡರೆ ಬ್ರೋಮೈಡ್ ಇನ್ನೂ ಇದೆ. ನೀರು ತಿಳಿಯಾಗಿಯೇ ಉಳಿಯುವ ತನಕ ನಾನು ಬಿಡಲಿಲ್ಲ. ಯಾಕೆಂದರೆ ಬ್ರೋಮೈಡ್‌ನಂಥ ಹ್ಯಾಲೈಡ್ ಉಳಿದರೆ ಸ್ನಿಗ್ಧತೆ (ದ್ರವ ಎಷ್ಟು ಮಂದ ಅನ್ನುವ ಅಳತೆ) ಏರುತ್ತದೆ, ನೀರು ಉಳಿದರೆ ಇಳಿಯುತ್ತದೆ. ಎರಡೂ ಒಟ್ಟಿಗೆ ಇದ್ದರೆ ಸರಿಯಾದ ಅಂಕಿಯೇ ಬಂದ ಹಾಗೆ ಕಂಡು ಮೋಸವಾಗಬಹುದು!

ನೀರಿನ ಜೊತೆ ಬೆರೆಯದ ದ್ರವ, ಇದಕ್ಕೆ ತೇವದ ಭಯ ಯಾಕೆ ಅಂತ ಅನ್ನಿಸುತ್ತದೆ, ಅಲ್ವಾ? ಬೆರೆಯದಿದ್ದರೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜುಲೈನಲ್ಲಿ ಸ್ಯಾಂಪಲ್ ಒಣಗಿಟ್ಟುಕೊಳ್ಳುವ ನಮ್ಮ ಡೆಸಿಕೇಟರ್ ಪಾತ್ರೆಯ ನೀಲಿ ಸಿಲಿಕಾ ಜೆಲ್ ತೇವ ಹೀರಿ ನೋಡನೋಡುತ್ತಲೇ ಗುಲಾಬಿಯಾಗುತ್ತಿತ್ತು. ಅದನ್ನು ನಂಬಿ ಕೂರುವ ಹಾಗಿಲ್ಲ. ವ್ಯಾಕ್ಯೂಮ್‌ನಲ್ಲಿ 70 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕುತ್ತಾ ಒಣಗಿಸಿ, ಬೆಳಿಗ್ಗೆ ಕಾರ್ಲ್ ಫಿಶರ್ ಪರೀಕ್ಷೆಯಲ್ಲಿ ನೀರಿನ ಅಂಶ ನೋಡಿ, ಆಮೇಲೆಯೇ ಉಳಿದ ಅಳತೆ. ಕರೆಂಟ್ ಹೋಗಿ ಪಂಪ್ ನಿಂತರೆ ಮತ್ತೆ ಮೊದಲಿಂದ.

ಈ ಪರಿಚಿತ ದ್ರವದ ಸಾಂದ್ರತೆ 25 ಡಿಗ್ರಿಯಲ್ಲಿ ಮಿಲಿಲೀಟರಿಗೆ ಸುಮಾರು 1.44 ಗ್ರಾಂ, ಸ್ನಿಗ್ಧತೆ 50 ಮಿಲಿಪ್ಯಾಸ್ಕಲ್ ಸೆಕೆಂಡ್ ಆಸುಪಾಸು. ಇವು ಸರಿಯಾಗಿ ಬಂದ ಮೇಲಷ್ಟೇ ಕಾರ್ಬನ್ ಸರಪಳಿ ಉದ್ದ ಮಾಡಿದ ಹೊಸ ದ್ರವಗಳನ್ನು ಯಂತ್ರಕ್ಕೆ ಹಾಕಿದೆ. ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ ಪರೀಕ್ಷೆಗೆ ಸ್ಯಾಂಪಲ್ ಬೆಂಗಳೂರಿಗೆ ಹೋಯಿತು. ಬಿಸಿ ಮಾಡುತ್ತಾ ತೂಕ ನೋಡುವ ಟಿಜಿಎ ಪರೀಕ್ಷೆಯ ಅಂಕಿಯನ್ನು ಮಾತ್ರ ನಾನು ಅಷ್ಟು ನಂಬುವುದಿಲ್ಲ. ಬೇಗಬೇಗ ಬಿಸಿ ಮಾಡಿದಾಗ 400 ಡಿಗ್ರಿವರೆಗೆ ಕೆಡುವುದಿಲ್ಲ ಅನ್ನಿಸುವ ದ್ರವ, ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಸುಮ್ನೆ ತೂಕ ಕಳೆದುಕೊಳ್ಳುತ್ತಿರುತ್ತದೆ.

ಸ್ನಿಗ್ಧತೆ ಅಳೆದು ಮುಗಿದ ಮೇಲೆ ಅದೇ ಸ್ಯಾಂಪಲ್ಲಿನ ನೀರನ್ನು ಇನ್ನೊಮ್ಮೆ ನೋಡುತ್ತೇನೆ. ಟೇಬಲ್ಲಿನಲ್ಲಿ ನೀರಿನ ಮುಂಚಿನ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು), ಆಮೇಲಿನ ಪಿಪಿಎಂ ಎರಡನ್ನೂ ಬರೆಯುತ್ತೇನೆ.