ಅಟ್ಟದ ಮೇಲಿನ ಹಳೇ ಫೋನು

ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗೆ ಫೈಬರ್ ಬಂದಿಲ್ಲ. ಮನೆಯಲ್ಲಿ ಸರಿಯಾಗಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯ ಹತ್ತಿರ ಮಾತ್ರ.

ಮೊದಲು ಅಲ್ಲೇ ಒಂದು ಹಳೇ ಫೋನಿಟ್ಟು ಹಾಟ್‌ಸ್ಪಾಟ್ ಆನ್ ಮಾಡಿದೆ. ನಮ್ಮದು ದಪ್ಪ ಮಣ್ಣಿನ ಗೋಡೆ, ಜಗುಲಿಗೆ ವೈಫೈ ತಲುಪಲೇ ಇಲ್ಲ. ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಹಾಟ್‌ಸ್ಪಾಟ್ ತಾನೇ ಆಫ್ ಆಗುತ್ತಿತ್ತು. ಮತ್ತೆ ಏಣಿ ಹತ್ತಬೇಕು.

ಫೋನಿಗೆ ಎರಡೂ ಕೆಲಸ ಯಾಕೆ ಅಂತ ಆಮೇಲೆ ಅನ್ನಿಸಿತು. ಟವರಿನಿಂದ ನೆಟ್ ಎಳೆಯುವುದು ಫೋನಿನ ಕೆಲಸ, ಮನೆಗೆ ಹಂಚುವುದು ರೂಟರಿನ ಕೆಲಸ. ಯುಎಸ್‌ಬಿ ಪೋರ್ಟ್ ಇದ್ದ ಹಳೇ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ಸಾಫ್ಟ್‌ವೇರ್ ಹಾಕಿದೆ. ಯುಎಸ್‌ಬಿ ಟೆದರಿಂಗ್‌ಗೆ, ಅಂದರೆ ಫೋನಿನ ನೆಟ್ಟನ್ನು ಕೇಬಲ್ಲಿನಲ್ಲಿ ಪಡೆಯಲಿಕ್ಕೆ, ಅದರಲ್ಲಿ ಇನ್ನೊಂದು ಡ್ರೈವರ್ (ಚಿಕ್ಕ ಸಾಫ್ಟ್‌ವೇರ್) ಬೇಕು. ನೆಟ್ ತರುವ ಡ್ರೈವರ್ ಇಳಿಸಲಿಕ್ಕೂ ನೆಟ್ ಬೇಕು, ನೋಡಿ! ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು ರೂಟರಿಗೆ ಹಾಕಿದೆ. ಟೆದರಿಂಗ್ ಆನ್ ಮಾಡಿದ ಕೂಡಲೇ ರೂಟರಿನ ಪಟ್ಟಿಯಲ್ಲಿ 'ಯುಎಸ್‌ಬಿ0' ಕಾಣಿಸಿತು. ಹೊರಗಿನ ನೆಟ್ ಬರುವ ದಾರಿ ಇದೇ ಅಂತ ಅದಕ್ಕೆ ಹೇಳಿಕೊಟ್ಟೆ. ಕೆಳಗಿನಿಂದ ಅಪ್ಪಯ್ಯ "ಬಂತು, ಬಂತು" ಎಂದು ಕೂಗಿದರು.

ಯುಎಸ್‌ಬಿ ಕೇಬಲ್ ಉದ್ದ ಎಳೆದರೆ ಕೈಕೊಡುತ್ತದೆ, 5 ಮೀಟರ್ ಮೇಲೆ ನಂಬುವ ಹಾಗಿಲ್ಲ. ಹಾಗಾಗಿ ರೂಟರನ್ನೂ ಅಟ್ಟಕ್ಕೇ ಹತ್ತಿಸಿದೆ. ಅಲ್ಲಿಂದ ಜಗುಲಿಗೆ ಲ್ಯಾನ್ ಕೇಬಲ್ ಎಳೆದೆ, ಅದು 100 ಮೀಟರ್ ತನಕ ತೊಂದರೆ ಕೊಡುವುದಿಲ್ಲ. ಜಗುಲಿಯಲ್ಲಿ ಇನ್ನೊಂದು ರೂಟರ್, ಬರೀ ವೈಫೈಗೆ. ಅದರ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ನೆಟ್ ವಿಳಾಸ ಹಂಚುವ ಕೆಲಸ, ಅದನ್ನು ಒಂದೇ ರೂಟರ್ ಮಾಡಬೇಕು) ಆಫ್ ಮಾಡಲು ಮರೆತು ಒಂದು ಸಂಜೆಯೆಲ್ಲ ತಲೆ ಕೆರೆದುಕೊಂಡಿದ್ದೆ. ಮೊದಲ ಕೇಬಲ್ ಇಲಿಗೆ ಊಟವಾಯಿತು. ಎರಡನೆಯದನ್ನು ವೈರಿಂಗ್ ಪೈಪಿನೊಳಗೆ ತೂರಿಸಿದೆ.

ಫೋನ್ ಎಲ್ಲಿಡಬೇಕು ಅನ್ನುವುದಕ್ಕೆ ಸ್ಕ್ರೀನಿನ ಮೇಲಿನ ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನುವ ಡಿಬಿಎಂ ಲೆಕ್ಕ ಸಿಗುತ್ತದೆ. ನನ್ನದು ಒಂದು ಮೂಲೆಯಲ್ಲಿ -116 ಇತ್ತು, ಎರಡು ಅಡಿ ಸರಿಸಿದಾಗ -101. ಮೈನಸ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. ಸುಮ್ನೆ ಅರ್ಧ ಗಂಟೆ ಹುಡುಕಿದ್ದಕ್ಕೆ ಸ್ಪೀಡ್ ಎಷ್ಟೋ ಜಾಸ್ತಿ ಆಯಿತು.

ಕರೆಂಟ್ ಹೋಗಿ ಬಂದಾಗ ಟೆದರಿಂಗ್ ಬಿಟ್ಟುಹೋಗುತ್ತಿತ್ತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಡಗಿರುವ ಡೆವಲಪರ್ ಆಪ್ಷನ್ಸ್‌ನಲ್ಲಿ ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್ ಅಂತ ಇದೆ. ಅಲ್ಲಿ ಟೆದರಿಂಗ್ ಆರಿಸಿ, ಸ್ಕ್ರೀನ್ ಲಾಕ್ ತೆಗೆದುಬಿಟ್ಟೆ. ಲಾಕ್ ಇದ್ದರೆ ಅದು ಕೆಲಸ ಮಾಡುವುದಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಮೇ ತಿಂಗಳಲ್ಲಿ. ಕಾದ ಹೆಂಚಿನ ಕೆಳಗೆ ಹಗಲೂ ರಾತ್ರಿ ಚಾರ್ಜ್ ಆಗುತ್ತಾ ಕೂತ ಫೋನಿನ ಬ್ಯಾಟರಿ ಉಬ್ಬಿ, ಹಿಂದಿನ ಮುಚ್ಚಳ ಮೇಲೆದ್ದಿತ್ತು. ಬೆಂಕಿ ಹತ್ತಿದ್ದರೆ? ಕೆಳಗೆ ಒಣಗಿದ ಅಡಿಕೆ ಮೂಟೆಗಳಿದ್ದವು. ಫೋನನ್ನು ಒತ್ತದೆ, ಚುಚ್ಚದೆ ತೆಗೆದು ಹೊರಗಿಟ್ಟೆ. ಈಗಿನ ಫೋನು 80 ಪರ್ಸೆಂಟ್‌ಗೆ ಚಾರ್ಜಿಂಗ್ ನಿಲ್ಲಿಸುತ್ತದೆ. ಕವರ್ ಕಳಚಿ, ಗಾಳಿಯಾಡುವ ಕಿಟಕಿ ಕಟ್ಟೆಯ ಮೇಲಿಟ್ಟಿದ್ದೇನೆ.

ದಿನಕ್ಕೆ 2 ಜಿಬಿ ಪ್ಯಾಕು. ಮುಗಿಯಿತು ಅನ್ನುವ ಮೆಸೇಜ್ ಅಟ್ಟದ ಫೋನಿಗೇ ಬರುತ್ತದೆ, ಅಲ್ವಾ? ಕೆಳಗೆ ಅಪ್ಪಯ್ಯನ ಯಕ್ಷಗಾನ ವಿಡಿಯೋ ಭಾಗವತರ ಪದದ ನಡುವೆ ನಿಂತಾಗಲೇ ನಮಗೆ ಗೊತ್ತಾಗುವುದು.