ಮೊಮ್ಮಗಳ ಹಿಂದೆ ಆಟದ ಲೋಕಕ್ಕೆ: ಒಬ್ಬ ನಿವೃತ್ತ ಕ್ಯಾಷಿಯರ್‌ನ ಕೈಪಿಡಿ

ದಸರಾ ವಸ್ತುಪ್ರದರ್ಶನಕ್ಕೆ ಹೊರಟಾಗಲೆಲ್ಲ ನನ್ನ ಹೆಂಡತಿ ಮೊಮ್ಮಗಳ ಫ್ರಾಕಿನ ಜೇಬಿಗೆ ಒಂದು ಚೀಟಿ ಹಾಕುತ್ತಿದ್ದಳು. ಅದರಲ್ಲಿ ಅಪ್ಪನ ಹೆಸರು, ಕುವೆಂಪುನಗರದ ಮನೆ ವಿಳಾಸ, ನನ್ನ ಮೊಬೈಲ್ ನಂಬರ್. ಮೂರು ತುಂಬುವ ಹೊತ್ತಿಗೆ ಅದನ್ನು ಮಗ್ಗಿಯಂತೆ ಬಾಯಿಪಾಠವನ್ನೂ ಮಾಡಿಸಿದ್ದೆವು. ದೊಡ್ಡಕೆರೆ ಮೈದಾನದ ಜಂಗುಳಿಯಲ್ಲಿ ಕೈತಪ್ಪಿದರೆ, ಯಾರು ಕೇಳಿದರೂ ಥಟ್ಟನೆ ಹೇಳಬೇಕಲ್ಲ. ಅದೇ ಮಗು ಹತ್ತು ವರ್ಷಕ್ಕೆ ಟ್ಯಾಬ್ ಹಿಡಿದು ಆಟದ ಲೋಕವೊಂದಕ್ಕೆ ಕಾಲಿಟ್ಟಾಗ ಅಲ್ಲಿ ಯಾರೋ ‘ಯಾವ ಊರು?’ ಎಂದರು. ಇವಳು ಥಟ್ಟನೆ ಹೇಳಿದಳು. ಊರು, ಬಡಾವಣೆ, ಕೊನೆಗೆ ಶಾಲೆ. ತಪ್ಪು ಅವಳದಲ್ಲ. ನಾವು ಕಲಿಸಿದ್ದೇ ಅದು.

ನಾನು 34 ವರ್ಷ ಬ್ಯಾಂಕಿನಲ್ಲಿ ದುಡಿದವನು, ಬಹುಪಾಲು ಕ್ಯಾಷ್ ಕೌಂಟರಿನಲ್ಲಿ. ಕಂಪ್ಯೂಟರ್ ಆಟವೆಂದರೆ ನನಗೆ ತಿಳಿದಿದ್ದು ಇಸ್ಪೀಟಿನ ಸಾಲಿಟೇರ್ ಒಂದೇ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಮರಳುವುದು ದೀಪ ಹಚ್ಚಿದ ಮೇಲೆ. ಹಾಗಾಗಿ ಈ ವಿದ್ಯೆಯನ್ನು ನಾನೇ ಕಲಿಯಬೇಕಾಯಿತು. ನನ್ನಂತೆ ಮೊಮ್ಮಕ್ಕಳ ಜೊತೆ ಮನೆಯಲ್ಲಿರುವವರಿಗೂ, ಮಕ್ಕಳು ಆ ಪರದೆಯೊಳಗೆ ಏನು ಮಾಡುತ್ತಾರೆಂದು ತಿಳಿಯದೆ ಗದರುವ ತಂದೆತಾಯಿಯರಿಗೂ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ತಿಳಿವಳಿಕೆ. ಇವು ಲೂಡೊ, ಚದುರಂಗದಂಥ ಆಟಗಳಲ್ಲ. ಮಗು ಒಂದು ಬೊಂಬೆಯ ವೇಷ ತೊಟ್ಟು ಒಂದು ಊರಿನೊಳಗೆ ಹೋಗುತ್ತದೆ. ಅಲ್ಲಿ ಮನೆ ಕಟ್ಟುತ್ತದೆ, ನಾಯಿ ಸಾಕುತ್ತದೆ, ಅಂಗಡಿ ಇಡುತ್ತದೆ. ನವರಾತ್ರಿಯಲ್ಲಿ ನಮ್ಮ ಹಜಾರದಲ್ಲಿ ಕೂರಿಸುವ ಬೊಂಬೆಗಳೆಲ್ಲ ಮೆಟ್ಟಿಲಿಳಿದು ಓಡಾಡತೊಡಗಿದವು, ಅವುಗಳಲ್ಲಿ ಅರ್ಧದಷ್ಟು ಯಾರ ಮನೆಯವೆಂದು ನಮಗೆ ತಿಳಿಯದು ಎಂದುಕೊಳ್ಳಿ. ಮುದ್ದಾದ ಮೊಲದ ಬೊಂಬೆಯ ಹಿಂದೆ ಒಂಬತ್ತರ ಹುಡುಗಿಯೂ ಇರಬಹುದು, ನಲವತ್ತರ ಗಂಡಸೂ ಇರಬಹುದು.

ಈಗ ನಮ್ಮ ಮಕ್ಕಳ ಬಾಯಲ್ಲಿ ಹೆಚ್ಚು ಕೇಳುವ ಹೆಸರುಗಳು ರೋಬ್ಲಾಕ್ಸ್ ಮತ್ತು ಇಟ್ಟಿಗೆ ಜೋಡಿಸಿ ಲೋಕ ಕಟ್ಟುವ ಮೈನ್‌ಕ್ರಾಫ್ಟ್. 2006ರಲ್ಲಿ ಶುರುವಾದ ರೋಬ್ಲಾಕ್ಸ್ ಒಂದು ಆಟವಲ್ಲ, ಬಳಸುವವರೇ ಮಾಡಿಟ್ಟ ಲಕ್ಷಾಂತರ ಆಟಗಳ ಸಂತೆ. ‘ರೋಬ್ಲಾಕ್ಸ್ ಒಳ್ಳೆಯದೇ, ಕೆಟ್ಟದ್ದೇ’ ಎಂದು ಕೇಳುವುದು ‘ದೇವರಾಜ ಮಾರುಕಟ್ಟೆಯ ತರಕಾರಿ ಚೆನ್ನಾಗಿದೆಯೇ’ ಎಂದು ಕೇಳಿದ ಹಾಗೆ. ಯಾವ ಅಂಗಡಿ ಎಂದು ಮೊದಲು ಹೇಳಬೇಕು.

ಆದ್ದರಿಂದ ಮೊದಲ ಕೆಲಸ: ಮಗುವಿಗೆ ಖಾತೆ ಮಾಡಿಕೊಡುವ ಮುಂಚೆ ನೀವೇ ಒಂದು ಮಾಡಿಕೊಂಡು ಒಂದು ಗಂಟೆ ಒಳಗೆ ಅಡ್ಡಾಡಿ. ನನ್ನ ಬೊಂಬೆ ಮೊದಲ ಹತ್ತು ನಿಮಿಷದಲ್ಲಿ ಮೂರು ಸಲ ನೀರಿಗೆ ಬಿತ್ತು, ನಾಚಿಕೆ ಬೇಡ. ನೋಡಬೇಕಾದದ್ದು ಇಷ್ಟು: ಗುರುತಿಲ್ಲದವರು ಮಾತನಾಡಿಸಬಹುದೇ, ಹಣ ಎಲ್ಲಿ ಕೇಳುತ್ತಾರೆ, ದೂರು ಕೊಡುವ ಗುಂಡಿ ಎಲ್ಲಿದೆ. ಆ ಗುಂಡಿಯನ್ನು ಹುಡುಕಲು ನನಗೆ ಹದಿನೈದು ನಿಮಿಷ ಹಿಡಿಯಿತು. ಹೆದರಿದ ಮಗು ಅಷ್ಟು ಹೊತ್ತು ಹುಡುಕುವುದಿಲ್ಲ, ಮೊದಲೇ ತೋರಿಸಿಡಿ.

ಎರಡನೆಯದು ಹುಟ್ಟಿದ ತಾರೀಖು. ಮಕ್ಕಳು ಇಲ್ಲೇ ಸುಳ್ಳು ಹೇಳುವುದು, ಎಷ್ಟೋ ಮನೆಗಳಲ್ಲಿ ದೊಡ್ಡವರೇ ಹೇಳಿಸುವುದು. ‘ಏನೋ ಒಂದು ಇಸವಿ ಹಾಕು, ಬೇಗ ಮುಗಿಯುತ್ತದೆ’ ಎಂದು ನನ್ನ ಮಗನೇ 2000 ಎಂದು ಹಾಕಿಕೊಟ್ಟಿದ್ದ. ಬ್ಯಾಂಕಿನಲ್ಲಿ ಕೆವೈಸಿಗೆ ಸುಳ್ಳು ದಾಖಲೆ ಕೊಟ್ಟವನಿಗೆ ನಾನು ಖಾತೆ ತೆರೆದುಕೊಡುತ್ತಿರಲಿಲ್ಲ, ನನ್ನ ಮನೆಯಲ್ಲೇ ಇದು ನಡೆಯಿತು. ಅಮೆರಿಕದಲ್ಲಿ 1998ರಲ್ಲಿ ಬಂದ ಕಾನೂನೊಂದು 13ಕ್ಕಿಂತ ಚಿಕ್ಕವರ ಮಾಹಿತಿ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಎಲ್ಲ ಕಡೆ ಕಾಣುವ 13ರ ಗೆರೆ ಬಂದಿದ್ದು ಅಲ್ಲಿಂದ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇನ್ನೂ ಮುಂದೆ ಹೋಗಿ 18ರವರೆಗೂ ಮಗುವೆಂದೇ ಎಣಿಸುತ್ತದೆ. ನಿಜವಾದ ಇಸವಿ ಕೊಟ್ಟರೆ ಕಂಪನಿಗಳು ಮಕ್ಕಳಿಗೆಂದು ಇಟ್ಟ ಬೇಲಿಗಳು ತಾವಾಗಿಯೇ ಏಳುತ್ತವೆ. ಉದಾಹರಣೆಗೆ, 2024ರ ನವೆಂಬರಿನಿಂದ ರೋಬ್ಲಾಕ್ಸ್‌ನಲ್ಲಿ 13 ತುಂಬದವರು ಆಟದ ಹೊರಗೆ ಖಾಸಗಿ ಸಂದೇಶ ಕಳಿಸುವುದು ಬಂದ್ ಆಗಿದೆ. 2000 ಎಂದು ಬರೆದ ಮಗುವಿಗೆ ಈ ಬೇಲಿ ಇರುವುದಿಲ್ಲ. ನಾವು ಆ ಖಾತೆಯನ್ನೇ ಅಳಿಸಿ ಹೊಸದು ಮಾಡಿದೆವು. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಈಗ ಅಲ್ಲಿ ಚಾಟ್ ಮಾಡಬೇಕಾದರೆ ಕ್ಯಾಮೆರಾಕ್ಕೆ ಮುಖ ತೋರಿಸಿ ವಯಸ್ಸಿನ ಅಂದಾಜು ಮಾಡಿಸಿಕೊಳ್ಳಬೇಕು. ಮಗುವಿನ ಬದಲು ಅಪ್ಪ ಮುಖ ತೋರಿಸಿ ‘ಆಯಿತು, ಆಡು’ ಎನ್ನುವುದುಂಟು. ಅದರಿಂದ ಮಗು ದೊಡ್ಡವರ ಗುಂಪಿಗೆ ಹೋಗಿ ಸೇರುತ್ತದೆ. ನಾವು ಮುಖವನ್ನೇ ತೋರಿಸಲಿಲ್ಲ. ಚಾಟ್ ಇಲ್ಲದೆಯೂ ಆಟ ನಡೆಯುತ್ತದೆ, ಮಾತಿಗೆ ಮನೆಯಲ್ಲಿ ನಾವಿದ್ದೇವೆ.

ಖಾತೆಯ ಹೆಸರಿನಲ್ಲಿ ನಿಜ ಹೆಸರು, ಹುಟ್ಟಿದ ಇಸವಿ, ಊರು, ಶಾಲೆ ಯಾವುದೂ ಬೇಡ. ನಮ್ಮವಳು ಹಲಸಿನ ಹಣ್ಣಿನ ಹೆಸರಿಟ್ಟುಕೊಂಡಿದ್ದಾಳೆ.

ಇನ್ನು ಬೀಗ. ಬ್ಯಾಂಕಿನ ಲಾಕರಿಗೆ ಎರಡು ಕೀಲಿ, ಒಂದು ಗ್ರಾಹಕರದು, ಇನ್ನೊಂದು ಬ್ಯಾಂಕಿನದು. ಎರಡೂ ತಿರುಗಿದರಷ್ಟೇ ಬಾಗಿಲು. ರೋಬ್ಲಾಕ್ಸ್‌ನಲ್ಲಿ ಪೋಷಕರ ಖಾತೆಯನ್ನು ಮಗುವಿನ ಖಾತೆಗೆ ಜೋಡಿಸುವುದು ಇದೇ ಏರ್ಪಾಡು. ಮಗುವಿನ ಸೆಟ್ಟಿಂಗ್ಸ್‌ನಲ್ಲಿ ‘ಪೇರೆಂಟಲ್ ಕಂಟ್ರೋಲ್ಸ್’ ತೆರೆದು ನಿಮ್ಮ ಇಮೇಲ್ ಕೊಡಿ, ನಂತರ ಗುರುತಿನ ಚೀಟಿ ಅಥವಾ ಕ್ರೆಡಿಟ್ ಕಾರ್ಡಿನಿಂದ ನೀವು ದೊಡ್ಡವರೆಂದು ತೋರಿಸಬೇಕು. ಆಮೇಲೆ ನಿಮ್ಮ ಮೊಬೈಲಿನಿಂದಲೇ ಯಾವ ಮಟ್ಟದ ಆಟಗಳು ತೆರೆಯಬೇಕು, ದಿನಕ್ಕೆ ಎಷ್ಟು ಹೊತ್ತು, ತಿಂಗಳಿಗೆ ಎಷ್ಟು ಖರ್ಚು ಎಂಬುದನ್ನು ಕಟ್ಟಿಡಬಹುದು. ಗೆಳೆಯರ ಪಟ್ಟಿಯನ್ನು ನೋಡಬಹುದು, ಬೇಡದವರನ್ನು ತಡೆಯಬಹುದು. ಆಟಗಳಿಗೆ ‘ಮಿನಿಮಲ್’, ‘ಮೈಲ್ಡ್’, ‘ಮಾಡರೇಟ್’ ಎಂಬ ಚೀಟಿಗಳಿವೆ. ಹತ್ತರ ಮಗುವಿಗೆ ‘ಮೈಲ್ಡ್’ ದಾಟುವ ಅಗತ್ಯ ನನಗೆ ಕಂಡಿಲ್ಲ. ಇದನ್ನೆಲ್ಲ ಮಗು ಮಲಗಿದ ಮೇಲೆ ಕಳ್ಳನಂತೆ ಮಾಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಬೀಗ ಏಕೆ ಎಂದು ಹೇಳುತ್ತಾ ಹಾಕಿ. ತಾನೇ ನೋಡಿದ ಬೀಗವನ್ನು ಅವಳು ಒಡೆಯಲು ಹೋಗಲಿಲ್ಲ, ಅವಧಿಯ ವಿಷಯದಲ್ಲಿ ಚೌಕಾಸಿ ಮಾಡಿ ಹತ್ತು ನಿಮಿಷ ಗಿಟ್ಟಿಸಿಕೊಂಡಳು.

ಹಣದ ವಿಷಯಕ್ಕೆ ಬಂದರೆ ನನ್ನೊಳಗಿನ ಕ್ಯಾಷಿಯರ್ ಎದ್ದು ಕೂರುತ್ತಾನೆ. ಅಲ್ಲಿನ ನಾಣ್ಯದ ಹೆಸರು ರೋಬಕ್ಸ್. ರೂಪಾಯಿ ಒಮ್ಮೆ ಬೇರೆ ಹೆಸರಿಗೆ ತಿರುಗಿದರೆ ಖರ್ಚಿನ ಉರಿ ಗೊತ್ತಾಗುವುದಿಲ್ಲ, ದೊಡ್ಡವರಿಗೇ ಗೊತ್ತಾಗುವುದಿಲ್ಲ. ಕಾರ್ಡಿನ ವಿವರವನ್ನು ಟ್ಯಾಬಿನಲ್ಲಿ ಉಳಿಸಬೇಡಿ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ನಿಮ್ಮ ಯುಪಿಐ ಪಿನ್ ಮಗುವಿಗೆ ಗೊತ್ತಿದೆಯೇ ಎಂದು ಈಗಲೇ ಯೋಚಿಸಿ. ದಿನಸಿ ಅಂಗಡಿಯಲ್ಲಿ ಅವಳೆದುರೇ ಒತ್ತುತ್ತೇವೆ, ಮಕ್ಕಳ ಕಣ್ಣು ಚುರುಕು. ನನ್ನ ಪಿನ್ ಅವಳಿಗೆ ಗೊತ್ತಿತ್ತು, ಕೇಳಿದ್ದಕ್ಕೆ ಹೇಳಿಯೂಬಿಟ್ಟಳು. ಈಗ ತಿಂಗಳಿಗೆ ಇಷ್ಟೆಂದು ಒಂದು ಗಿಫ್ಟ್ ಕಾರ್ಡ್ ಕೊಡುತ್ತೇನೆ. ಖರ್ಚನ್ನು ಅವಳು ಒಂದು ಹಳೆಯ ಡೈರಿಯಲ್ಲಿ ರೂಪಾಯಿ ಲೆಕ್ಕದಲ್ಲೇ ಬರೆಯಬೇಕು. ಬೆಕ್ಕಿನ ಟೋಪಿ ಎರಡು ಮಸಾಲೆ ದೋಸೆಯಷ್ಟಾಯಿತು ಎಂದು ಬರೆದ ದಿನ ಅವಳೇ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ‘ಉಚಿತ ರೋಬಕ್ಸ್’ ಎಂಬುದು ಎಲ್ಲಿ ಕಂಡರೂ ಮೋಸವೇ. ಅದು ಪಾಸ್‌ವರ್ಡ್ ಕದಿಯುವ ಬಲೆ, ಬೇರೇನೂ ಅಲ್ಲ.

ನನಗೆ ಪಾಠವಾದದ್ದು ಚಾಟ್ ಇನ್ನೂ ಇದ್ದ ದಿನಗಳಲ್ಲಿ, ದಸರಾ ರಜೆಯಲ್ಲಿ. ಪ್ರಾಣಿ ಸಾಕಿ ವಿನಿಮಯ ಮಾಡಿಕೊಳ್ಳುವ ಆಟಗಳು ಬೇಕಾದಷ್ಟಿವೆ, ಅಂಥ ಒಂದರಲ್ಲಿ ನಮ್ಮವಳ ಬಳಿ ಒಂದು ಬಿಳಿ ಕುದುರೆಯಿತ್ತು. ಎರಡು ತಿಂಗಳು ಮೇಯಿಸಿ ಬೆಳೆಸಿದ್ದು. ನಾಲ್ಕು ದಿನದಿಂದ ಹುಡುಗಿ ಊಟದಲ್ಲಿ ಕೈಯಾಡಿಸುತ್ತಿದ್ದಳು, ಟ್ಯಾಬ್ ಕೇಳುತ್ತಿರಲಿಲ್ಲ. ಟ್ಯಾಬ್ ಕೇಳದಿದ್ದದ್ದೇ ನನಗೆ ಅನುಮಾನ. ಸಂಜೆ ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡದಲ್ಲಿ ಕುಳಿತು ಸುಟ್ಟ ಜೋಳ ತಿನ್ನುವಾಗ ಬಾಯಿಬಿಟ್ಟಳು. ‘ನೀನು ಮೊದಲು ಕುದುರೆ ಕೊಡು, ನಂಬಿಕೆ ಪರೀಕ್ಷೆ ಇದು, ನಾನು ಎರಡು ಕೊಡುತ್ತೇನೆ’ ಎಂದನಂತೆ ಒಬ್ಬ. ಕೊಟ್ಟಳು. ಅವನು ಮಾಯ.

ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎಂಬವರ ಮಾತು ನಂಬಿ ಠೇವಣಿ ಮುರಿಸಲು ಬಂದ ಎಷ್ಟು ಜನರನ್ನು ನಾನು ಕೌಂಟರಿನಿಂದ ವಾಪಸು ಕಳಿಸಿದ್ದೇನೋ! ಮಾತು ಅದೇ, ಕುದುರೆ ಮಾತ್ರ ಹೊಸದು. ಆದರೆ ನನ್ನನ್ನು ಚುಚ್ಚಿದ್ದು ಕುದುರೆಯಲ್ಲ, ಆ ನಾಲ್ಕು ದಿನ. ‘ಹೇಳಿದ್ದರೆ ಅಪ್ಪ ಟ್ಯಾಬ್ ಕಿತ್ತುಕೊಳ್ಳುತ್ತಿದ್ದರು, ತಾತ’ ಎಂದಳು. ನಿಜವೇ, ಕಿತ್ತುಕೊಳ್ಳುತ್ತಿದ್ದ. ಆ ರಾತ್ರಿ ಮಗನ ಜೊತೆ ಜಗಳವಾಡಿಯೇ ಒಂದು ನಿಯಮ ಮಾಡಿಸಿದೆ: ತಾನಾಗಿ ಬಂದು ಹೇಳಿದ ಯಾವ ವಿಷಯಕ್ಕೂ ಟ್ಯಾಬ್ ಕಿತ್ತುಕೊಳ್ಳುವಂತಿಲ್ಲ. ಬೇರೆ ಎಲ್ಲವನ್ನೂ ಮರೆತರೂ ಇದೊಂದನ್ನು ನಿಮ್ಮ ಮನೆಯಲ್ಲಿ ಮಾಡಿ. ಇವತ್ತು ಕುದುರೆಯ ವಿಷಯ ಮುಚ್ಚಿಟ್ಟ ಮಗು ನಾಳೆ ಫೋಟೊ ಕೇಳಿದವನ ವಿಷಯವನ್ನೂ ಮುಚ್ಚಿಡುತ್ತದೆ.

ಅಂಥವರ ನಡೆ ಹೆಚ್ಚುಕಮ್ಮಿ ಒಂದೇ ರೀತಿ. ಮೊದಲು ಉಡುಗೊರೆ, ಆಮೇಲೆ ಹೊಗಳಿಕೆ, ಆಮೇಲೆ ‘ಮನೆಯಲ್ಲಿ ಹೇಳಬೇಡ’, ಅದಾದ ಮೇಲೆ ‘ವಾಟ್ಸ್‌ಆ್ಯಪ್‌ಗೆ ಬಾ, ಡಿಸ್ಕಾರ್ಡ್‌ಗೆ ಬಾ’. ಡಿಸ್ಕಾರ್ಡ್ ಎಂದರೆ ಆಟಗಾರರು ಹರಟೆ ಹೊಡೆಯುವ ಆ್ಯಪ್. ಆಟದೊಳಗೆ ಬೈಗುಳ, ಫೋನ್ ನಂಬರುಗಳನ್ನು ಸೋಸುವ ಜರಡಿ ಇದೆ. ನಂಬರ್ ಬರೆದರೆ ಸಾಲಾಗಿ ಹ್ಯಾಷ್ ಗುರುತು ಬೀಳುತ್ತದೆ. ಹೊರಗೆ ಕರೆಯುವುದು ಆ ಜರಡಿ ತಪ್ಪಿಸಲಿಕ್ಕೆ. ಹಾಗೆ ಕರೆದವರು ಯಾರೇ ಆಗಲಿ, ಮಾತು ಅಲ್ಲಿಗೆ ನಿಲ್ಲಬೇಕು.

ಏನಾದರೂ ಆಗಿಯೇಬಿಟ್ಟರೆ ಗಾಬರಿಯಿಂದ ಎಲ್ಲ ಅಳಿಸಬೇಡಿ. ಸಂಭಾಷಣೆಯ ಸ್ಕ್ರೀನ್‌ಶಾಟ್, ಆ ಖಾತೆಯ ಹೆಸರು, ದಿನ, ಸಮಯ ಇಷ್ಟನ್ನು ಎತ್ತಿಟ್ಟುಕೊಂಡ ಮೇಲೆ ದೂರು ಗುಂಡಿ ಒತ್ತಿ, ನಂತರ ಬ್ಲಾಕ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಮೊದಲ ಕೆಲವು ಗಂಟೆಗಳಿಗೆ ಬಹಳ ಬೆಲೆ. ಮಗುವಿಗೆ ತೊಂದರೆಯಾಗಿದ್ದರೆ 1098. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲೂ ದೂರು ಕೊಡಬಹುದು, ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು. ಪರದೆಯ ಮೂಲಕ ಮಗುವಿಗೆ ಕೊಟ್ಟ ಲೈಂಗಿಕ ಕಿರುಕುಳವೂ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮಗುವಿನ ಅಸಭ್ಯ ಚಿತ್ರವಿದ್ದರೆ ‘ನೋಡಿ ಹೀಗಾಗಿದೆ’ ಎಂದು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಲೇಬೇಡಿ. ಅದನ್ನು ಹಂಚುವುದೂ ಅಪರಾಧ, ಮಗುವಿಗೆ ಎರಡನೆಯ ಪೆಟ್ಟು.

ಎಂಟು, ಒಂಬತ್ತರ ಮಕ್ಕಳಾದರೆ ಮೈನ್‌ಕ್ರಾಫ್ಟ್‌ನಿಂದ ಶುರುಮಾಡಿ ಎನ್ನುತ್ತೇನೆ. ಅದರಲ್ಲಿ ತನ್ನದೇ ಲೋಕವೊಂದನ್ನು ತೆರೆದು ಒಬ್ಬರೇ ಆಡಬಹುದು, ಅಪರಿಚಿತರ ಕಾಟವಿಲ್ಲ. ‘ಕ್ರಿಯೇಟಿವ್’ ಎಂಬ ಬಗೆಯಲ್ಲಿ ಇಟ್ಟಿಗೆ ಮುಗಿಯುವುದೇ ಇಲ್ಲ. ಒಂದೇ ವೈಫೈನಲ್ಲಿರುವ ಚಿಕ್ಕಪ್ಪನ ಮಗನನ್ನು ಒಳಗೆ ಕರೆಯಬಹುದು. ನಮ್ಮವಳು ಬೆಟ್ಟದ ನಂದಿಯನ್ನು ಕಪ್ಪು ಇಟ್ಟಿಗೆಯಲ್ಲಿ ಕಟ್ಟಿದ್ದಾಳೆ. ಕೊರಳ ಗಂಟೆ ಎಲ್ಲಿ ಎಂದು ಕೇಳಿದ್ದಕ್ಕೆ ಇಡೀ ಕತ್ತನ್ನೇ ಒಡೆದು ಮತ್ತೆ ಕಟ್ಟಿದಳು.

ಹಿಂದಿನ ಲೋಕಗಳ ಬಗ್ಗೆ ಓದುವಾಗ ನನಗೆ ಮೆಚ್ಚಿಗೆಯಾದದ್ದು 1999ರಲ್ಲಿ ಶುರುವಾದ ವೈವಿಲ್. ಅಲ್ಲಿ ಮಕ್ಕಳು ಸುರಕ್ಷತೆಯ ಪರೀಕ್ಷೆಯೊಂದರಲ್ಲಿ ಪಾಸಾಗಿ ಪರವಾನಗಿ ಪಡೆದರಷ್ಟೇ ಚಾಟ್. 2005ರಲ್ಲಿ ಬಂದು 2017ರಲ್ಲಿ ಮುಚ್ಚಿಹೋದ ಕ್ಲಬ್ ಪೆಂಗ್ವಿನ್‌ನಲ್ಲಿ, ಮೊದಲೇ ಬರೆದಿಟ್ಟ ವಾಕ್ಯಗಳನ್ನಷ್ಟೇ ಆರಿಸಿ ಮಾತನಾಡುವ ಏರ್ಪಾಡೂ ಇತ್ತು. ಆ ಪರವಾನಗಿಯ ಉಪಾಯ ಹಿಡಿಸಿ, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ನಾನೇ ಹತ್ತು ಪ್ರಶ್ನೆಯ ಪತ್ರಿಕೆ ಬರೆದೆ. ‘ಗೆಳತಿಯೊಬ್ಬಳು ಪಾಸ್‌ವರ್ಡ್ ಕೇಳಿದರೆ?’ ಅವಳ ಉತ್ತರ: ‘ಗೆಳತಿ ಕೇಳುವುದಿಲ್ಲ, ಕೇಳಿದವಳು ಗೆಳತಿಯಲ್ಲ.’ ಪೂರ್ಣ ಅಂಕ. ‘ನಿನ್ನ ಊರು ಯಾವುದು ಎಂದರೆ?’ ಉತ್ತರ: ‘ಮಂಡ್ಯ ಎನ್ನುತ್ತೇನೆ.’ ಉತ್ತರಿಸದಿರುವುದೂ ಒಂದು ಉತ್ತರ ಎಂದು ತಿದ್ದಿ ಅರ್ಧ ಅಂಕ ಕೊಟ್ಟೆ. ಒಂಬತ್ತು ಬಂದರೆ ಪಾಸು ಎಂದಿದ್ದೆ, ಎರಡನೆಯ ಸಲಕ್ಕೆ ಪಾಸಾದಳು.

ಪ್ರತಿ ತಿಂಗಳ ಮೊದಲ ಭಾನುವಾರ ತಿಂಡಿಯಾದ ಮೇಲೆ ಇಬ್ಬರೂ ಗೆಳೆಯರ ಪಟ್ಟಿ ತೆರೆದು ಕೂರುತ್ತೇವೆ. ಒಂದೊಂದೇ ಹೆಸರು ಓದಿ ‘ಇವರು ಯಾರು?’ ಎನ್ನುತ್ತೇನೆ. ಹೇಳಲಾಗದ ಹೆಸರನ್ನು ಅವಳೇ ತೆಗೆಯಬೇಕು. ಮೊದಲ ಭಾನುವಾರ ನಲವತ್ತೊಂದು ಹೆಸರುಗಳಿದ್ದವು, ಈಗ ಒಂಬತ್ತು. ಅದರಲ್ಲಿ ಒಂದು ನನ್ನದು. ಕಳೆದ ಸಲ ಆ ಹೆಸರು ಬಂದಾಗ ಬೆರಳು ಅಲ್ಲೇ ನಿಲ್ಲಿಸಿ ಯೋಚಿಸಿದಳು. ‘ನೀವು ಬಂದರೆ ಎಲ್ಲರೂ ನೀರಿನ ಹತ್ತಿರ ಕಾಯಬೇಕಾಗುತ್ತದೆ, ತಾತ’ ಎಂದಳು. ಆದರೂ ಇಟ್ಟುಕೊಂಡಿದ್ದಾಳೆ.